ಟೆನ್ಷನ್ ಅಂದರೆ ಯಾವ ಟೆನ್ಷನ್?



ನಮ್ಮ ಸಂಶಿ ಕಡೆ ಇವತ್ತು ಎಲ್ಲರ ಬಾಯಲ್ಲೂ ಇರುವ ಇಂಗ್ಲಿಷ್ ಪದ ಟೆನ್ಷನ್. ಹೆಸರುಕಾಯಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಟೆನ್ಷನ್. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದರ ಬಿದ್ದರೆ ಟೆನ್ಷನ್. ಹುಬ್ಬಳ್ಳಿಗೆ ಹೋದ ಮಗ ಫೋನ್ ಎತ್ತದಿದ್ದರೂ ಅದೇ. ‘ನನಗ ಟೆನ್ಷನ್ ಐತ್ರಿ’ ಎಂದು ಅಜ್ಜ ಡಾಕ್ಟರ ಮುಂದೆ ಹೇಳಿದರೆ, ಅದು ಬಿ.ಪಿ.ಯೋ ಮನಸ್ಸಿನ ಕಳವಳವೋ ಅವರು ಕೆದಕಿ ಕೇಳಬೇಕಾಗುತ್ತದೆ. ಹೈಪರ್‌ಟೆನ್ಷನ್ ಎಂಬುದು ಅಧಿಕ ರಕ್ತದೊತ್ತಡದ ಹೆಸರು; ಮನಸ್ಸಿನ ಕಾಯಿಲೆಯ ಹೆಸರಲ್ಲ.

ಟೆನ್ಷನ್ ಪದದ ಮೂಲ ಲ್ಯಾಟಿನ್. ಎಳೆದು ಬಿಗಿಯುವುದು ಎಂದು ಅರ್ಥ. ಕಳವಳಕ್ಕೆ ಇಂಗ್ಲಿಷಿನವರು ಹೇಳುವ ‘ಆಂಗ್ಸೈಟಿ’ ಕೂಡ ಲ್ಯಾಟಿನ್ನಿನದೇ. ಅದರ ಬೇರಿನಲ್ಲಿರುವುದು ಹಿಸುಕುವ, ಉಸಿರುಗಟ್ಟಿಸುವ ಅರ್ಥ. ‘ಎದಿ ಹಿಡದಂಗ ಆಗತೈತಿ’ ಎನ್ನುವ ನಮ್ಮ ತಾಯಂದಿರ ಮಾತೂ ಅದನ್ನೇ ಹೇಳುತ್ತದೆ.

ನಮ್ಮ ಮಾತುಗಳು ಟೆನ್ಷನ್ ಎಂಬ ಪದಕ್ಕಿಂತ ಸೂಕ್ಷ್ಮ. ಅಂಜಿಕೆಗೆ ಕಣ್ಣೆದುರು ಕಾರಣವಿರುತ್ತದೆ. ತಳಮಳ ಕೂತಲ್ಲಿ ಕೂರಗೊಡುವುದಿಲ್ಲ. ಇನ್ನು ಕಾಳಜಿ! ‘ಕಾಳಜಿ ಮಾಡಬ್ಯಾಡ್ರಿ’ ಅಂದರೆ ಚಿಂತೆ ಬಿಡಿ ಎಂದು. ‘ಮಕ್ಕಳ ಕಾಳಜಿ ತಗೋರಿ’ ಅಂದರೆ ಚೆನ್ನಾಗಿ ನೋಡಿಕೊಳ್ಳಿ ಎಂದು. ಮರಾಠಿಯ ಒಡನಾಟದ ಈ ಪದದಲ್ಲಿ ಚಿಂತೆಯೂ ಅಕ್ಕರೆಯೂ ಕೂಡಿಕೊಂಡಿವೆ. ಇಂಥ ಮಾತು ಬಿಟ್ಟು ಎಲ್ಲವನ್ನೂ ಟೆನ್ಷನ್ ಎಂದುಬಿಟ್ಟರೆ, ನಿಜವಾಗಿ ನರಳುವವರ ಸಂಕಟ ಯಾರ ಕಿವಿಗೂ ಬೀಳುವುದಿಲ್ಲ. ನನ್ನ ಚಿಂತೆ ಇದೇ.

ದರ ಏರಿದ ಮೇಲೂ, ಪರೀಕ್ಷೆ ಮುಗಿದ ಮೇಲೂ ತಳಮಳ ಇಳಿಯದೆ, ಎದೆ ಢವಢವ, ಕೈ ನಡುಕ, ನಿದ್ದೆಗೇಡು ತಿಂಗಳುಗಟ್ಟಲೆ ಉಳಿದರೆ ಅದು ಕಾಯಿಲೆಯಾಗಿರಬಹುದು. ಅದಕ್ಕೆ ಆಪ್ತಸಮಾಲೋಚನೆಯಿದೆ, ಔಷಧವಿದೆ, ವಾಸಿಯಾಗಬಹುದು. ಧಾರವಾಡದ ಡಿಮ್ಹಾನ್ಸ್ 1845ರಷ್ಟು ಹಿಂದೆ ಶುರುವಾದ ಮಾನಸಿಕ ಆಸ್ಪತ್ರೆ. ‘ಹುಚ್ಚರ ದವಾಖಾನಿ’ ಎಂಬ ಹಳೆಯ ಹೆಸರಿಗೆ ಹೆದರಿ ಅಲ್ಲಿಗೆ ಹೋಗದೆ ಉಳಿಯುವುದು ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯ. ಹೋಗಲಾಗದವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಯಾರಾದರೂ ಟೆನ್ಷನ್ ಎಂದರೆ ‘ಏನಾಗಾಕತ್ತೈತಿ, ಯಾವಾಗಿಂದ?’ ಎಂದು ಪಕ್ಕದಲ್ಲಿ ಕೂತು ಕೇಳಿರಿ. ಟೆಲಿ ಮಾನಸ್ ಸಂಖ್ಯೆ 14416. ಇವತ್ತೇ ಮನೆಯ ಗೋಡೆಯ ಮೇಲೆ ಬರೆದಿಡಿರಿ.