ನಾಯಕರ ಹಗೆಗೆ ಜನತೆ ತೆತ್ತ ಬೆಲೆ

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ರಾಷ್ಟ್ರಗಳ ವಿದೇಶಾಂಗ ನೀತಿಯು ರಾಷ್ಟ್ರೀಯ ಹಿತಾಸಕ್ತಿಯ ತಳಹದಿಯಲ್ಲಿ ರೂಪುಗೊಳ್ಳುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಅದನ್ನು ನಿರ್ಧರಿಸುವವನು ಓರ್ವ ಮನುಷ್ಯ. ಅವನಿಗೆ ಅಭಿಮಾನವಿದೆ, ಅವಮಾನದ ನೆನಪಿದೆ, ತೀರಿಸಬೇಕಾದ ಹಗೆಯೂ ಇದೆ. ಇರಾಕ್‌ನ ದುರಂತವನ್ನು ಈ ಕಣ್ಣಿನಿಂದಲೂ ನೋಡಬೇಕಾಗಿದೆ.

1991ರ ಯುದ್ಧದಲ್ಲಿ ಹಿರಿಯ ಜಾರ್ಜ್ ಬುಶ್ ಇರಾಕ್ ಸೇನೆಯನ್ನು ಕುವೈತ್‌ನಿಂದ ಹೊರಗಟ್ಟಿದರು. ಬಗ್ದಾದ್‌ಗೆ ಸೇನೆ ನುಗ್ಗಿಸಲಿಲ್ಲ. ಸದ್ದಾಂ ಹುಸೈನ್ ಅಧಿಕಾರದಲ್ಲಿ ಉಳಿದರು. ಬಗ್ದಾದ್‌ನ ರಶೀದ್ ಹೋಟೆಲ್‌ನ ಪ್ರವೇಶದ್ವಾರದ ನೆಲದಲ್ಲಿ ಬುಶ್‌ರ ಮುಖವನ್ನು ಚಿತ್ರಿಸಲಾಯಿತು. ಒಳಹೋಗುವವರು ಅದನ್ನು ತುಳಿಯಲಿ ಎಂಬುದೇ ಉದ್ದೇಶ. 1993ರಲ್ಲಿ ಕುವೈತ್‌ಗೆ ಬಂದ ಬುಶ್‌ರ ಹತ್ಯೆಗೆ ಇರಾಕ್ ಸಂಚು ಹೂಡಿತೆಂಬ ಆರೋಪವೂ ಬಂತು.

2001ರಲ್ಲಿ ಮಗ ಅಧ್ಯಕ್ಷನಾದ. 2002ರ ಆಗಸ್ಟ್‌ನಲ್ಲಿ, ತಂದೆಯ ಭದ್ರತಾ ಸಲಹೆಗಾರರಾಗಿದ್ದ ಬ್ರೆಂಟ್ ಸ್ಕೋಕ್ರಾಫ್ಟ್ ಈ ಯುದ್ಧ ಬೇಡವೆಂದು ಬಹಿರಂಗವಾಗಿ ಬರೆದರು. ಆ ಮಾತಿಗೆ ಬೆಲೆ ಸಿಗಲಿಲ್ಲ. ಮರುತಿಂಗಳು ಹೂಸ್ಟನ್‌ನ ಸಭೆಯೊಂದರಲ್ಲಿ ಕಿರಿಯ ಬುಶ್, ಸದ್ದಾಂ ತನ್ನ ತಂದೆಯನ್ನು ಕೊಲ್ಲಲು ಯತ್ನಿಸಿದವನೆಂದು ಹೇಳಿಬಿಟ್ಟರು. 2003ರ ಮಾರ್ಚ್ 20ರಂದು ದಾಳಿ ಆರಂಭವಾಯಿತು. ಸಮೂಹ ನಾಶಕ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. ಹೋಟೆಲ್‌ನ ನೆಲದ ಚಿತ್ರವನ್ನು ಅಮೆರಿಕನ್ ಸೈನಿಕರು ಕಿತ್ತುಹಾಕಿದರು. ಸೆರೆಯಾದಾಗ ಸದ್ದಾಂರ ಬಳಿಯಿದ್ದ ಪಿಸ್ತೂಲು ಶ್ವೇತಭವನ ಸೇರಿತು. ಬುಶ್ ಅದನ್ನು ಅತಿಥಿಗಳಿಗೆ ತೋರಿಸುತ್ತಿದ್ದರು. ಲಕ್ಷಾಂತರ ಇರಾಕಿಗಳು ಮಣ್ಣು ಸೇರಿದರು.

ಹಗೆಯೊಂದೇ ಈ ಯುದ್ಧಕ್ಕೆ ಕಾರಣವೆನ್ನುವುದು ನ್ಯಾಯವಾಗದು. ತೈಲದ ಲೆಕ್ಕಾಚಾರವಿತ್ತು, 2001ರ ಸೆಪ್ಟೆಂಬರ್ 11ರ ಭೀತಿಯಿತ್ತು, ಯುದ್ಧಕ್ಕಾಗಿ ಹಾತೊರೆಯುತ್ತಿದ್ದ ಸಲಹೆಗಾರರಿದ್ದರು. ಆದರೆ ಹಗೆಯು ಒಂದು ಕೆಲಸ ಮಾಡುತ್ತದೆ: ಸಂಶಯವನ್ನು ಸತ್ಯವೆಂದು ನಂಬಿಸುತ್ತದೆ, ಎಚ್ಚರಿಸುವವನನ್ನು ವಿರೋಧಿಯಾಗಿ ಕಾಣಿಸುತ್ತದೆ.

ಸಹೋದರರೇ, ಇಲ್ಲಿಗೇ ನಿಲ್ಲಿಸಿದರೆ ನಿಮ್ಮಿಂದ ಚಪ್ಪಾಳೆ ಸಿಗಬಹುದು. ಆದರೆ ಸದ್ದಾಂರನ್ನೂ ಇದೇ ತಕ್ಕಡಿಯಲ್ಲಿ ತೂಗಬೇಡವೇ? 1975ರಲ್ಲಿ ಅಲ್ಜೀರ್ಸ್‌ನಲ್ಲಿ ಅವರು ಇರಾನ್‌ನ ಶಾ ಜೊತೆ ಒಪ್ಪಂದಕ್ಕೆ ಬಂದು, ಶತ್ತುಲ್ ಅರಬ್ ನದಿಯ ನಡುಗೆರೆಯನ್ನು ಗಡಿಯಾಗಿ ಒಪ್ಪಿದ್ದರು. ಆ ಅವಮಾನ ಮನಸ್ಸಿನಲ್ಲಿ ಕುದಿಯುತ್ತಿತ್ತು. ಇರಾನ್ ಕ್ರಾಂತಿಯಿಂದ ದುರ್ಬಲಗೊಂಡಿದೆಯೆಂದು ಭಾವಿಸಿ 1980ರ ಸೆಪ್ಟೆಂಬರ್‌ನಲ್ಲಿ ಒಪ್ಪಂದವನ್ನು ರದ್ದುಗೊಳಿಸಿ ಯುದ್ಧ ಸಾರಿದರು. ಎಂಟು ವರ್ಷ ನೆತ್ತರು ಹರಿಯಿತು. 1990ರಲ್ಲಿ ಕುವೈತನ್ನು ಆಕ್ರಮಿಸಿದ ಬಳಿಕ ಇರಾನ್‌ನ ಕಡೆ ಶಾಂತಿ ಬೇಕಾದಾಗ, ಅದೇ ಒಪ್ಪಂದವನ್ನು ಪುನಃ ಒಪ್ಪಿಕೊಂಡರು! ಹಾಗಾದರೆ ಆ ತಾಯಂದಿರ ಮಕ್ಕಳು ಸತ್ತದ್ದು ಯಾವುದಕ್ಕಾಗಿ? ಆ ಪ್ರಶ್ನೆ ಕೇಳುವ ಧೈರ್ಯ ಬಗ್ದಾದ್‌ನಲ್ಲಿ ಯಾರಿಗೂ ಇರಲಿಲ್ಲ. ನಮ್ಮಲ್ಲೂ ಅನೇಕರು ಸದ್ದಾಂರ ಭಾವಚಿತ್ರ ನೋಡಿ ಹಿಗ್ಗಿದರೇ ಹೊರತು ಈ ಪ್ರಶ್ನೆ ಕೇಳಲಿಲ್ಲ.

ಪ್ರಶ್ನಿಸುವವರಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶವೇ ಉದಾಹರಣೆ. 2003ರಲ್ಲಿ ಇರಾಕ್‌ಗೆ ಸೈನ್ಯ ಕಳುಹಿಸುವಂತೆ ಅಮೆರಿಕ ಭಾರತದ ಮೇಲೆ ಒತ್ತಡ ಹೇರಿತು. ಸಂಸತ್ತು ಅದಾಗಲೇ ಯುದ್ಧವನ್ನು ಖಂಡಿಸಿತ್ತು, ವಿರೋಧ ಪಕ್ಷಗಳು ದನಿಯೆತ್ತಿದ್ದವು. ವಾಜಪೇಯಿ ಸರಕಾರ ಜುಲೈನಲ್ಲಿ ಆ ಬೇಡಿಕೆಯನ್ನು ನಿರಾಕರಿಸಿತು.

ನಾಯಕನು ದೇವದೂತನಾಗಿರಬೇಕೆಂದು ನಾವು ನಿರೀಕ್ಷಿಸಲಾಗದು. ಆದರೆ ಅವನ ಮುಂದೆ ‘ಇದು ದೇಶದ ಹಿತವೋ, ನಿಮ್ಮ ಹಗೆಯೋ?’ ಎಂದು ಕೇಳಬಲ್ಲ ಜನರಿರಬೇಕು. ಅಂಥ ಜನರು ತಯಾರಾಗುವುದು ಸಂಸತ್ತಿನಲ್ಲಲ್ಲ. ಇಬ್ಬರ ವೈಮನಸ್ಸಿಗಾಗಿ ಜಮಾಅತೇ ಒಡೆಯುವಾಗ, ಅಣ್ಣ ತಮ್ಮಂದಿರ ಜಗಳಕ್ಕೆ ಮಕ್ಕಳ ಸಂಬಂಧವನ್ನೇ ಕಡಿಯುವಾಗ, ಎದ್ದು ನಿಂತು ಈ ಪ್ರಶ್ನೆ ಕೇಳುವ ಮನೆಗಳಲ್ಲಿ ಅವರು ತಯಾರಾಗುತ್ತಾರೆ. ಆ ಮನೆ ನಮ್ಮದಾಗಲಿ.