ಎತ್ತರವೆಂಬ ಗಂಟು



ಭರಣಿ ಮಳೆಯ ದಿನಗಳಲ್ಲಿ, ಇಳಿಹೊತ್ತಿಗೆ, ಹುಬ್ಬಳ್ಳಿಯ ಉಣಕಲ್ ಕೆರೆಯ ಮೇಲೆ ಮೋಡ ಏಳುವುದನ್ನು ನೋಡಿದ್ದೀರಲ್ಲ? ಹೂಕೋಸಿನ ಹಾಗೆ ಉಬ್ಬುತ್ತ ಹೋಗಿ ತುದಿಯಲ್ಲಿ ಚಪ್ಪಟೆಯಾಗುತ್ತದೆ. ಕೆಳಗೆ ಅಂಗಳದಲ್ಲಿ ಹುಡುಗರು ಆಲಿಕಲ್ಲು ಆಯುತ್ತಿರುತ್ತಾರೆ. ಮೇಲೆ ಆ ಚಪ್ಪಟೆ ತುದಿಯಲ್ಲಿರುವುದು ಮಾತ್ರ ಹಿಟ್ಟಿನಷ್ಟು ಸಣ್ಣ ಹಿಮದ ಹರಳು. ಈ ಹಿಟ್ಟು ವಿಮಾನದ ಎಂಜಿನ್ನಿನ ಉಸಿರು ಕಟ್ಟಿಸಬಲ್ಲದೆಂದು ತಿಳಿಯಲು ಬಹಳ ವರ್ಷ ಹಿಡಿಯಿತು.

ಮೊದಲು ಒಂದು ಭಯ ಬಿಡೋಣ. ಎಂಜಿನ್ ಆರಿದ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ಜಾರುತ್ತದೆ. ಬೋಯಿಂಗ್ 747 ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು 15 ಕಿಲೋಮೀಟರ್ ಮುಂದೆ ಸಾಗಿರುತ್ತದೆ. ಹುಬ್ಬಳ್ಳಿಯ ನೆತ್ತಿಯ ಮೇಲೆ 11 ಕಿಲೋಮೀಟರ್ ಎತ್ತರದಲ್ಲಿ ಎಲ್ಲ ಎಂಜಿನ್ ನಿಂತರೂ ಗೋವಾದ ದಾಬೋಳಿ ಮುಟ್ಟೀತು. ಎತ್ತರವೆಂದರೆ ಪೈಲಟ್ ಕೂಡಿಟ್ಟುಕೊಂಡ ಗಂಟು. ಅದು ಕರಗುವುದರೊಳಗೆ ಎಂಜಿನ್ ಮತ್ತೆ ಹೊತ್ತಬೇಕು.

1982ರ ಜೂನ್ 24ರ ರಾತ್ರಿ ಈ ಗಂಟೇ ಜನರನ್ನು ಉಳಿಸಿತು. ಲಂಡನ್ನಿನಿಂದ ಹೊರಟು ಮುಂಬೈ, ಕೌಲಾಲಂಪುರ ದಾಟಿದ್ದ ಬ್ರಿಟಿಷ್ ಏರ್‌ವೇಸ್‌ನ 747 ಜಾವಾ ದ್ವೀಪದ ಬಳಿ 37,000 ಅಡಿಯಲ್ಲಿತ್ತು. ಒಂದರ ಹಿಂದೊಂದು ನಾಲ್ಕೂ ಎಂಜಿನ್ ಆರಿದವು. ಗಲುಂಗುಂಗ್ ಜ್ವಾಲಾಮುಖಿಯ ಬೂದಿ ಒಳಹೊಕ್ಕು, ಎಂಜಿನ್ನಿನ ಬೆಂಕಿಗೆ ಕರಗಿ, ಗಾಜಾಗಿ ಅಂಟಿಕೊಂಡಿತ್ತು. ಜಾರುತ್ತ ಜಾರುತ್ತ ಎಂಜಿನ್ ತಣ್ಣಗಾಯಿತು, ಗಾಜು ಬಿರಿದು ಉದುರಿತು. ಸುಮಾರು 13,000 ಅಡಿಯ ಹತ್ತಿರ ಬೆಂಕಿ ಮರಳಿತು. ಕ್ಯಾಪ್ಟನ್ ಎರಿಕ್ ಮೂಡಿ ಜಕಾರ್ತದಲ್ಲಿ ಇಳಿಸಿದಾಗ ಎದುರಿನ ಗಾಜು ಮರಳುಕಾಗದದಿಂದ ತಿಕ್ಕಿದಂತೆ ಮಸುಕಾಗಿತ್ತು. ರಡಾರ್ ಏಕೆ ಎಚ್ಚರಿಸಲಿಲ್ಲ? ಅದು ಹುಡುಕುವುದು ನೀರಹನಿಯನ್ನು. ಒಣ ಬೂದಿ ಅದರ ಕಣ್ಣಿಗೆ ಬೀಳುವುದಿಲ್ಲ.

ಹಿಮದ ಹರಳಿನದೂ ಅದೇ ಕಳ್ಳತನ. 22,000 ಅಡಿಯ ಮೇಲೆ ರೆಕ್ಕೆಗೆ ಹಿಮ ಕಟ್ಟುವುದಿಲ್ಲ, ಹಾಗಾಗಿ ಚಿಂತೆಯಿಲ್ಲ ಎಂದೇ ಎಲ್ಲರೂ ನಂಬಿದ್ದರು. ಆದರೆ 1990ರಿಂದ ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ, ಬಹುಪಾಲು ಆ ಎತ್ತರಕ್ಕೂ ಮೇಲೆಯೇ, ಎಂಜಿನ್ ಶಕ್ತಿ ಕುಂದಿದ ಪ್ರಸಂಗಗಳು ನೂರರಷ್ಟಾದವು. ಕಾದ ಹಂಚಿನ ಮೇಲೆ ಮಂಜು ಕಟ್ಟುತ್ತದೆಂದರೆ ಯಾರು ನಂಬಿಯಾರು? ಎಂಜಿನ್ನಿನೊಳಗೆ ಆಗುವುದು ಅದೇ. ಬಿಸಿ ಲೋಹಕ್ಕೆ ತಾಗಿದ ಹರಳು ಅರೆ ಕರಗಿ ಒದ್ದೆ ಮಾಡುತ್ತದೆ, ಹಿಂದೆ ಬಂದವು ಆ ಒದ್ದೆಗೆ ಅಂಟಿ ಲೋಹವನ್ನೇ ತಣಿಸುತ್ತವೆ, ಗಡ್ಡೆ ಬೆಳೆಯುತ್ತದೆ, ಒಮ್ಮೆ ಕಳಚಿ ಬೆಂಕಿಯೊಳಗೆ ಬೀಳುತ್ತದೆ. 2013ರ ನವೆಂಬರಿನಲ್ಲಿ ಕೆಲವು 747-8 ಮತ್ತು 787 ವಿಮಾನಗಳಿಗೆ ಗುಡುಗುಮೋಡದಿಂದ 50 ನಾಟಿಕಲ್ ಮೈಲಿ ದೂರವಿರಿ ಎಂಬ ಸೂಚನೆ ಬಂತು. ಅಂದರೆ 93 ಕಿಲೋಮೀಟರ್, ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಬೆಳಗಾವಿ! ಜಪಾನ್ ಏರ್‌ಲೈನ್ಸ್ ತನ್ನ ದಿಲ್ಲಿ ಮಾರ್ಗದಿಂದ 787ಗಳನ್ನೇ ತೆಗೆಯಿತು.

ನಮ್ಮ ನಾಡಿನ ಕಥೆ ಬೇರೆ. ಇಲ್ಲಿ ಎಂಜಿನ್ ತಾನಾಗಿ ಆರಲಿಲ್ಲ, ಬೇಕೆಂದೇ ಆರಿಸಿದ್ದರು. ಮತ್ತೆ ಹೊತ್ತುತ್ತದೆಯೇ ಎಂದು ನೋಡದೆ ಯಾವ ವಿಮಾನಕ್ಕೂ ಜನರನ್ನು ಹತ್ತಿಸುವಂತಿಲ್ಲ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿದ 14 ಆಸನಗಳ ಸರಸ್ ವಿಮಾನದ ಎರಡನೆಯ ಮಾದರಿ 2009ರ ಮಾರ್ಚ್ 6ರಂದು ಆ ಪರೀಕ್ಷೆಗೇ ಏರಿತ್ತು. ಸುಮಾರು 9,000 ಅಡಿಯಲ್ಲಿ ಒಂದು ಎಂಜಿನ್ ನಿಲ್ಲಿಸಿ ಹೊತ್ತಿಸಲು ಹೋದಾಗ ಹತೋಟಿ ತಪ್ಪಿ ಬಿಡದಿ ಸಮೀಪ ಬಿತ್ತು. ವಾಯುಪಡೆಯ ವಿಂಗ್ ಕಮಾಂಡರ್ ಪ್ರವೀಣ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ, ಮೂವರೂ ತೀರಿಕೊಂಡರು. ಹೊತ್ತಿಸಲು ವಿನ್ಯಾಸಕಾರರು ಬರೆದುಕೊಟ್ಟ ಕ್ರಮವೇ ತಪ್ಪಾಗಿತ್ತು, ಎತ್ತರವೂ ಸಾಲದಾಗಿತ್ತು ಎಂದಿತು ತನಿಖೆ. ನನಗೆ ಹೆಚ್ಚು ಚುಚ್ಚುವುದು ಆ ಮೊದಲಿನ ಮಾತು. ಆಕಾಶದಲ್ಲಿ ಬೂದಿಯಿರಲಿಲ್ಲ, ಹಿಮವಿರಲಿಲ್ಲ. ದೋಷ ಕಾಗದದಲ್ಲಿತ್ತು.

ಯೋಜನೆ ವರ್ಷಗಟ್ಟಲೆ ನಿಂತೇ ಹೋಯಿತು. 2018ರ ಜನವರಿ 24ರಂದು, ಮಾರ್ಪಡಿಸಿದ ಸರಸ್ ಬೆಂಗಳೂರಿನಲ್ಲಿ ಮತ್ತೆ ಮೇಲೇರಿತು. ಸುಮಾರು ನಲವತ್ತು ನಿಮಿಷದ ಹಾರಾಟ. ಆ ದಿನ ಅದು ಮುಟ್ಟಿದ ಎತ್ತರ 8,500 ಅಡಿ.