ಹೊಲದ ಬಟ್ಟೆ, ಮನೆಯ ಬಟ್ಟೆ: ಒಗೆಯುವ ಮುನ್ನ

(ನಿಪ್ಪಾಣಿ ತಾಲೂಕಿನ ಕೊಗನೊಳ್ಳಿಯಲ್ಲಿ ಸೇರಿದ್ದ ರೈತರು ಮತ್ತು ರೈತ ಮಹಿಳೆಯರ ಮುಂದೆ ಗೃಹವಿಜ್ಞಾನ ವಿಸ್ತರಣಾ ಕಾರ್ಯಕರ್ತೆಯೊಬ್ಬರು ಮಾಡಿದ ಭಾಷಣ)



ನಾನು ಬಟ್ಟೆ ಒಗೆಯುವುದರ ಬಗ್ಗೆ ಮಾತನಾಡಲು ಬಂದಿದ್ದೇನೆ ಎಂದು ತಿಳಿದಾಗ ಇಲ್ಲಿ ಮುಂದೆ ಕುಳಿತಿರುವ ಅಜ್ಜಿಯೊಬ್ಬರು ನಕ್ಕರು. “ಯವ್ವಾ, ಎಂಟು ವರ್ಷದಾಕಿ ಇದ್ದಾಗಿಂದ ಒಗ್ಯಾಕ ಹತ್ತೀನಿ. ನನಗ ಬಟ್ಟಿ ಒಗಿಯೂದು ಕಲಸಾಕ ಬಂದೀಯೇನು?” ಎಂದರು. ಅವರ ಮಾತು ನಿಜ. ತಿಕ್ಕುವುದು, ಜಾಲಿಸುವುದು, ಹಿಂಡುವುದನ್ನು ನಾನು ಅವರಿಗೆ ಕಲಿಸಬೇಕಾಗಿಲ್ಲ. ಆದರೆ ಅಜ್ಜಿ ಒಗೆಯಲು ಕಲಿತ ಕಾಲದಲ್ಲಿ ಹೊಲದಿಂದ ಬಂದ ಅಂಗಿಯಲ್ಲಿ ಇರುತ್ತಿದ್ದದ್ದು ಬೆವರು, ಮಣ್ಣು ಮತ್ತು ಸಗಣಿ. ಇಂದು ಅದೇ ಅಂಗಿಯಲ್ಲಿ ಬೇರೊಂದು ವಸ್ತುವೂ ಮನೆಗೆ ಬರುತ್ತಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕೆಲವು ಸಲ ವಾಸನೆಯೂ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಮನೆಗೆ ಹೋಗಿದ್ದೆ. ಸೋಯಾಬೀನಿಗೆ ಎಣ್ಣೆ ಹೊಡೆಯುವ ಕಾಲ. ಯಜಮಾನರು ಬೆನ್ನ ಮೇಲಿನ ಪಂಪು ಇಳಿಸಿ, ಕೈಕಾಲು ತೊಳೆದು ಊಟಕ್ಕೆ ಕುಳಿತರು. ಅವರ ಅಂಗಿ ಮತ್ತು ಪಾಯಜಾಮಾ ಹಿತ್ತಲಿನ ಟಬ್ಬಿಗೆ ಬಿದ್ದವು. ಅದೇ ಟಬ್ಬಿನಲ್ಲಿ ಮನೆಗೆ ಬಂದಿದ್ದ ಬಾಣಂತಿ ಮಗಳ ಸೀರೆ, ಕೂಸಿನ ಕುಂಚಿಗೆ ಮತ್ತು ಲಂಗೋಟಿಗಳು ನೆನೆಯುತ್ತಿದ್ದವು. ಮನೆಯಾಕೆ ಬಹಳ ಶುಚಿಯ ಹೆಂಗಸು. ಸಾಬೂನು ಹಾಕಿ, ಕಲ್ಲಿಗೆ ಬಡಿದು, ಎರಡು ಸಲ ಜಾಲಿಸಿ ಒಣಹಾಕಿದರು. ಅವರಿಂದ ಏನೂ ಅಶ್ರದ್ಧೆ ಆಗಲಿಲ್ಲ. ಅಂಗಿಯಲ್ಲಿ ಏನಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಇದಕ್ಕೆ ನಮ್ಮಂಥ ವಿಸ್ತರಣಾ ಕಾರ್ಯಕರ್ತರೂ ಹೊಣೆಗಾರರು. ಪಂಪು ಹೊರುವವರಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿರಿ, ಗಾಳಿ ನೋಡಿ ಹೊಡೆಯಿರಿ ಎಂದು ಎಷ್ಟೋ ಸಭೆಗಳಲ್ಲಿ ಹೇಳಿದೆವು. ಆ ಅಂಗಿ ಒಗೆಯುವ ಕೈಗಳ ವಿಚಾರವನ್ನು ಅಪರೂಪಕ್ಕೆ ಎತ್ತಿದೆವು.

ನಮ್ಮ ಕಡೆ ಈ ವಿಷವನ್ನು ‘ಎಣ್ಣೆ’ ಎನ್ನುತ್ತೇವೆ, ಇಲ್ಲವೆ ‘ಔಷಧ’ ಎನ್ನುತ್ತೇವೆ. ಒಂದು ಒಗ್ಗರಣೆಗೆ ಹಾಕುವ ವಸ್ತು, ಇನ್ನೊಂದು ರೋಗ ವಾಸಿ ಮಾಡುವ ವಸ್ತು. ಹೀಗೆ ಕರೆಯುವುದರಿಂದಲೇ ಅರ್ಧ ಭಯ ಹೋಗಿಬಿಟ್ಟಿದೆ ಎಂದು ನನಗೆ ಅನಿಸುತ್ತದೆ.

ಹೊಲದ ಕೆಲಸಕ್ಕೆ ಹತ್ತಿಯ ಬಟ್ಟೆ ಒಳ್ಳೆಯದೆಂದು ನಾವೇ ಹೇಳುತ್ತೇವೆ, ಅದು ಸರಿಯಾದ ಮಾತೇ. ಹತ್ತಿಯ ಎಳೆ ಒಳಗೆ ಟೊಳ್ಳಾಗಿರುವ, ತಿರುಚಿಕೊಂಡ ಒಂದು ಸಣ್ಣ ನಳಿಗೆ. ನೂರು ಗ್ರಾಂ ಒಣ ಹತ್ತಿ ಬರಿಯ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವವನ್ನು ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಎಳೆಯುವುದಿಲ್ಲ. ಬೆವರು ಹೀರುವುದು ಈ ಗುಣದಿಂದಲೇ. ಆದರೆ ಹತ್ತಿಗೆ ಬೆವರು ಯಾವುದು, ವಿಷ ಯಾವುದು ಎಂಬ ಭೇದವಿಲ್ಲ. ಸಿಂಪರಣೆಯ ತುಂತುರನ್ನೂ ಹಾಗೆಯೇ ಹೀರಿ ಹಿಡಿದುಕೊಳ್ಳುತ್ತದೆ. ದಪ್ಪ ಹತ್ತಿ ಬಟ್ಟೆ ಒಣಗಿರುವವರೆಗೆ ಮೈಯನ್ನು ಕಾಯುತ್ತದೆ. ತೊಯ್ದ ಮೇಲೆ ಅದೇ ಬಟ್ಟೆ ವಿಷದ ಪಟ್ಟಿ ಕಟ್ಟಿದಂತೆ ಮೈಗೆ ಅಂಟಿ ಕೂಡುತ್ತದೆ. ಆದುದರಿಂದ ಪಂಪು ಸೋರಿ ಬೆನ್ನು ತೊಯ್ದರೆ “ಇನ್ನೆರಡು ಸಾಲು ಮುಗಿಸಿಬಿಡೋಣ” ಎನ್ನದೆ ಅಲ್ಲಿಯೇ ಅಂಗಿ ಕಳೆದು, ಮೈಯನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು. ಬದಲಿ ಅಂಗಿ ಹೊಲಕ್ಕೆ ಒಯ್ಯುವ ರೂಢಿ ಬೀಳಲಿ.

ಎಣ್ಣೆ ಹೊಡೆಯಲು ತುಂಬು ತೋಳಿನ ಒಂದು ಅಂಗಿ, ಒಂದು ಪಾಯಜಾಮಾ ಬೇರೆ ಇಡಿರಿ. ಗುರುತಿಗೆ ಕಾಲರಿನ ಹಿಂದೆ ಕೆಂಪು ದಾರದ ನಾಲ್ಕು ಹೊಲಿಗೆ ಹಾಕಿದರೆ ಮನೆಮಂದಿಗೆಲ್ಲ ತಿಳಿಯುತ್ತದೆ. ಈ ಬಟ್ಟೆ ಮನೆಯೊಳಗಿನ ಗೂಟಕ್ಕೆ ತೂಗಬಾರದು, ದನದ ಕೊಟ್ಟಿಗೆಯಲ್ಲಿಯೂ ಬೇಡ. ಅದಕ್ಕೆ ಒಂದು ಬಕೀಟು ಬೇರೆ ಇರಲಿ, ಆ ಬಕೀಟು ಸ್ನಾನಕ್ಕಾಗಲಿ ದನಕ್ಕೆ ನೀರಿಡಲಿಕ್ಕಾಗಲಿ ಬರಬಾರದು.

ಹೊಡೆದ ದಿನವೇ ಒಗೆಯಬೇಕು. ದಿನ ಕಳೆದಂತೆ ವಿಷವು ಎಳೆಯೊಳಗೆ ಇಳಿದು ಬಿಡಿಸುವುದು ಕಷ್ಟವಾಗುತ್ತದೆ. ಮೊದಲು ಬರಿ ನೀರಿನಲ್ಲಿ ಒಂದು ಸಲ ಜಾಲಿಸಿ, ಆ ನೀರನ್ನು ಬಾವಿ, ಬೋರು, ಹಳ್ಳ ಮತ್ತು ಕಾಯಿಪಲ್ಲೆಯ ಮಡಿಗಳಿಂದ ದೂರ ಬಂಜರು ನೆಲಕ್ಕೆ ಸುರಿಯಬೇಕು. ಈ ಮೊದಲ ಜಾಲಿಕೆಯನ್ನು ಹೊಡೆದವರೇ ಮಾಡಲಿ ಎಂಬುದು ನನ್ನ ಒತ್ತಾಯ. ಅವರ ಮೈಗೆ ಆಗಲೇ ತಗುಲಿದೆ, ಇನ್ನೊಬ್ಬರ ಕೈಗೆ ಹಚ್ಚುವುದೇಕೆ? ಹೊಡೆಯುವಾಗ ಹಾಕಿದ್ದ ರಬ್ಬರ್ ಕೈಚೀಲವನ್ನು ತೊಳೆದು ಹಾಕಿಕೊಂಡೇ ಇದನ್ನು ಮಾಡಬಹುದು.

ಆಮೇಲೆ ಬಿಸಿ ನೀರು. ಕೈ ಇಡಲಾರದಷ್ಟು ಬಿಸಿ ಇರಬೇಕು. ಹತ್ತಿ ಕುದಿಯುವ ನೀರನ್ನೂ ತಾಳುತ್ತದೆ. ಒಗೆಯುವ ಪುಡಿಯನ್ನು ಮಾಮೂಲಿಗಿಂತ ತುಸು ಹೆಚ್ಚು ಹಾಕಿ ಕೋಲಿನಿಂದ ತಿರುವಬೇಕು. ಕಲ್ಲಿಗೆ ಬಡಿಯುವುದು ಬೇಡ, ಸಿಡಿದ ನೀರು ಕಣ್ಣಿಗೆ ಬಾಯಿಗೆ ಬೀಳುತ್ತದೆ. ಆ ನೀರು ಚೆಲ್ಲಿ, ಹೊಸ ಬಿಸಿ ನೀರಿನಲ್ಲಿ ಇನ್ನೊಮ್ಮೆ ಹೀಗೆಯೇ ಮಾಡಿ, ಎರಡು ಸಲ ಜಾಲಿಸಿ, ಪೂರ್ತಿ ಒಂದು ದಿನ ಬಿಸಿಲಿಗೆ ಹಾಕಬೇಕು. ಮನೆಯಲ್ಲಿ ಯಂತ್ರವಿದ್ದರೆ ಈ ಬಟ್ಟೆ ಒಂದನ್ನೇ ಹಾಕಿ, ನಂತರ ಬರಿಯ ಪುಡಿ ಮತ್ತು ಬಿಸಿ ನೀರು ಹಾಕಿ ಯಂತ್ರವನ್ನು ಒಂದು ಸುತ್ತು ಖಾಲಿ ತಿರುಗಿಸಿರಿ. ಬ್ಲೀಚಿಂಗ್ ಪುಡಿಯಿಂದ ಅಂಗಿ ಬೆಳ್ಳಗಾಗಬಹುದು, ವಿಷ ಹೋಯಿತೆಂದು ಅದನ್ನು ನೆಚ್ಚಬಾರದು.

ಇಲ್ಲಿ ಅಕ್ಕಂದಿರಿಗೆ ಒಂದು ಹಳೆಯ ವಸ್ತುವಿನ ಹೊಸ ಉಪಯೋಗ ಹೇಳಬೇಕು. ಒಗೆದ ಈ ಅಂಗಿಗೆ ತೆಳುವಾದ ಗಂಜಿ ಹಾಕಿರಿ. ಮುಂದಿನ ಸಿಂಪರಣೆಯಲ್ಲಿ ಬಿದ್ದ ವಿಷದಲ್ಲಿ ಒಂದಿಷ್ಟು ಭಾಗವನ್ನು ಎಳೆಗಿಂತ ಮೊದಲು ಗಂಜಿಯ ಪದರೇ ಹಿಡಿಯುತ್ತದೆ. ಬಿಸಿ ನೀರಿನಲ್ಲಿ ಒಗೆದಾಗ ಗಂಜಿ ಬಿಡುತ್ತದೆ, ಅದರೊಡನೆ ವಿಷವೂ ಬಿಡುತ್ತದೆ. ಪ್ರತಿ ಒಗೆತದ ನಂತರ ಹೊಸ ಗಂಜಿ ಹಾಕಬೇಕು. ಧೋತ್ರ ಗರಿಗರಿ ಕಾಣಲೆಂದು ಹಾಕುತ್ತಿದ್ದ ಗಂಜಿ ಹೀಗೂ ಕೆಲಸಕ್ಕೆ ಬರುತ್ತದೆ. ಇದರಿಂದ ಕೈಚೀಲ, ಮುಖದ ಬಟ್ಟೆ ಬೇಡವೆಂದು ಮಾತ್ರ ತಿಳಿಯಬೇಡಿರಿ.

ನೀರು ಬೆರೆಸದ ಮೂಲ ವಿಷವೇ ಬಟ್ಟೆಯ ಮೇಲೆ ಚೆಲ್ಲಿ ತೊಯ್ದಿದ್ದರೆ ಆ ಬಟ್ಟೆಯ ಆಸೆ ಬಿಡಬೇಕು. ಎಷ್ಟು ಸಲ ಒಗೆದರೂ ಅದು ಪೂರ್ತಿ ಹೋಗುವುದಿಲ್ಲ. ಡಬ್ಬಿಯ ಮೇಲಿನ ಚೌಕದಲ್ಲಿ ಕೆಂಪು ತ್ರಿಕೋಣವಿದ್ದರೆ ಅತಿ ಹೆಚ್ಚಿನ ವಿಷ, ಹಳದಿ ಅದರ ಕೆಳಗಿನದು, ನಂತರ ನೀಲಿ ಮತ್ತು ಹಸಿರು. ಕೆಂಪು, ಹಳದಿಯವು ಚೆಲ್ಲಿದಾಗ ಎರಡನೆಯ ಯೋಚನೆ ಬೇಡ. ಅಟ್ಟದ ಮೇಲೆ ಹಳೆಯ ಡಬ್ಬಿಗಳಿದ್ದರೆ ಒಮ್ಮೆ ನೋಡಿರಿ. ಫೋರೇಟ್, ಡೈಕ್ಲೋರ್‌ವಾಸ್ ಮೊದಲಾದವನ್ನು 2018ರ ಆದೇಶದ ಪ್ರಕಾರ 2020ರ ಕೊನೆಗೆ ನಿಲ್ಲಿಸಲಾಗಿದೆ. ಅವನ್ನು ತೀರಿಸಿಬಿಡೋಣವೆಂದು ಇನ್ನು ಬಳಸಬಾರದು.

ಕೆಟ್ಟ ಬಟ್ಟೆಯನ್ನು ಏನು ಮಾಡಬೇಕು? ನಮ್ಮ ಮನೆಗಳಲ್ಲಿ ಹಳೆಯ ಬಟ್ಟೆಯನ್ನು ಎಸೆಯುವ ಪದ್ಧತಿ ಇಲ್ಲ. ಧೋತ್ರ ಹರಿದರೆ ಕೂಸಿನ ಲಂಗೋಟಿ, ಸೀರೆ ಹರಿದರೆ ಕೌದಿ. ಬಹಳ ಒಳ್ಳೆಯ ಪದ್ಧತಿ. ಆದರೆ ನಾಲ್ಕು ವರ್ಷ ಎಣ್ಣೆ ಹೊಡೆದ ಅಂಗಿಯೂ ಹೀಗೆಯೇ ಕೌದಿಯ ಒಳಪದರಿಗೆ ಸೇರಿ, ಅದರ ಮೇಲೆ ಮೊಮ್ಮಗು ಮಲಗುತ್ತದೆ. ಕೆಂಪು ದಾರದ ಅಂಗಿ ಕೌದಿಗೆ, ಒರೆಸುವ ಅರಿವೆಗೆ, ಬುತ್ತಿ ಕಟ್ಟುವ ವಸ್ತ್ರಕ್ಕೆ ಹೋಗಬಾರದು. ಖಾಲಿ ಡಬ್ಬಿಗಳನ್ನು ಒಡೆದು ವಸತಿಯಿಂದ ದೂರ ಹುಗಿಯಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಈ ಬಟ್ಟೆಯನ್ನೂ ಯಾರೂ ಉಡಲಾರದಂತೆ ಹರಿದು, ನೀರಿನ ಸೆಲೆಯಿಲ್ಲದ ಕಡೆ ಹುಗಿಯಿರಿ. ಒಲೆಗೆ ಹಾಕಬೇಡಿರಿ, ಆ ಹೊಗೆ ಅಡುಗೆಮನೆಯಲ್ಲೇ ತುಂಬುತ್ತದೆ.

ಹೊಡೆದವರಿಗಾಗಲಿ ಒಗೆದವರಿಗಾಗಲಿ ತಲೆನೋವು, ವಾಂತಿ, ಅತಿ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಬಟ್ಟೆ ಬದಲಿಸಿ, ಮೈ ತೊಳೆದು, ಕೂಡಲೇ ವೈದ್ಯರ ಬಳಿ ಹೋಗಬೇಕು. ಜೊತೆಗೆ ಡಬ್ಬಿಯ ಚೀಟಿಯನ್ನು ಒಯ್ಯಬೇಕು. ಒಗೆದವರಿಗೆ ಬಂದ ತಲೆನೋವಿಗೆ ಬಿಸಿಲು ಕಾರಣವೆಂದು ಚಹಾ ಕುಡಿಸಿ ಮಲಗಿಸುವುದನ್ನು ನಾನು ಕಂಡಿದ್ದೇನೆ.

ನಿಪ್ಪಾಣಿಯ ಕಡೆಯಲ್ಲಿ ತಂಬಾಕಿನ ಮಾತು ಬಿಡುವಂತಿಲ್ಲ. ಕಬ್ಬು ಮತ್ತು ಸೋಯಾಬೀನು ಹೆಚ್ಚಿದ್ದರೂ ಬೀಡಿ ತಂಬಾಕಿನ ಹೊಲಗಳು ಇನ್ನೂ ಇವೆ. ಗಿಡದ ತುದಿ ಚಿವುಟುವಾಗ, ಬಗಲಿನ ಕುಡಿ ತೆಗೆಯುವಾಗ ಕೈಗೂ ತೋಳಿಗೂ ಅಂಟು ಹತ್ತಿ ಕಪ್ಪಾಗುತ್ತದೆ. ಇಬ್ಬನಿಯಿಂದ ಎಲೆ ಹಸಿಯಾಗಿದ್ದರೆ ಎಲೆಯೊಳಗಿನ ನಿಕೋಟಿನ್ ನೀರಿನಲ್ಲಿ ಕರಗಿ, ತೊಯ್ದ ಬಟ್ಟೆಯ ಮೂಲಕ ಚರ್ಮಕ್ಕಿಳಿಯುತ್ತದೆ. ತಲೆಸುತ್ತು, ವಾಂತಿ, ನಿಶ್ಶಕ್ತಿ ಬರುತ್ತವೆ. ಅಮೆರಿಕದ ಫ್ಲೋರಿಡಾದಲ್ಲಿ ತಂಬಾಕು ಕೊಯ್ಯುವವರ ಈ ಕಾಯಿಲೆಯನ್ನು ವೈದ್ಯರು 1970ರಲ್ಲಿ ಮೊದಲಿಗೆ ವರದಿ ಮಾಡಿದರು. ಬೀಡಿಯನ್ನೇ ಮುಟ್ಟದ ಹೆಣ್ಣುಮಕ್ಕಳಿಗೂ ಇದು ಬರುತ್ತದೆ. ಇಬ್ಬನಿ ಆರಿದ ಮೇಲೆ ಹೊಲಕ್ಕಿಳಿಯಿರಿ, ತೊಯ್ದ ಕುಪ್ಪಸದಲ್ಲಿ ದಿನವೆಲ್ಲ ಇರಬೇಡಿರಿ. ನಿಕೋಟಿನ್ ನೀರಿಗೆ ಬಿಡುವುದರಿಂದ ಸಾಬೂನು ಹಚ್ಚುವ ಮುನ್ನ ಬರಿ ನೀರಿನಲ್ಲಿ ಎರಡು ಸಲ ಜಾಲಿಸಿರಿ. ಅಂಟು ಮಾತ್ರ ನೀರಿಗೆ ಬಿಡದು. ಅದಕ್ಕೆ ನಾಲ್ಕು ಹನಿ ಶೇಂಗಾ ಎಣ್ಣೆ ಹಚ್ಚಿ ಮೆತ್ತಗೆ ಮಾಡಿ (ಇದು ನಿಜವಾದ ಎಣ್ಣೆ!), ಆಮೇಲೆ ಸಾಬೂನಿನಿಂದ ತಿಕ್ಕಬೇಕು. ವಖಾರಿಗೆ ಹೋಗುವವರು ಸೀರೆಯನ್ನು ಮನೆಯೊಳಗೆ ಝಾಡಿಸದೆ ಹೊರಗೇ ನೀರಿಗೆ ಹಾಕಿದರೆ ಧೂಳು ಮಕ್ಕಳ ಮೂಗಿಗೆ ಹೋಗುವುದಿಲ್ಲ.

ಇನ್ನು ನೀರಿನ ವಿಚಾರ. ಎರೆಭೂಮಿಯ ಬಾವಿ-ಬೋರುಗಳ ನೀರು ಬಹಳ ಕಡೆ ಗಡುಸು. ಅದರಲ್ಲಿನ ಸುಣ್ಣದ ಅಂಶ ಸಾಬೂನಿನೊಡನೆ ಕೂಡಿ ಜಿಡ್ಡಾಗಿ ಬಟ್ಟೆಯಲ್ಲಿ ಉಳಿಯುತ್ತದೆ. ಬಿಳಿ ಅಂಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ನಾವು ಇನ್ನಷ್ಟು ನೀಲಿ ಹಾಕಿ ಮುಚ್ಚುತ್ತೇವೆ. ಒಂದು ಬಾಟಲಿ ನೀರಿಗೆ ಬಾರ್ ಸಾಬೂನಿನ ಚೂರು ಹಾಕಿ ಅಲುಗಿಸಿರಿ. ನೊರೆ ನಿಲ್ಲದೆ ಮೊಸರಿನಂತೆ ಒಡೆದರೆ ನೀರು ಗಡುಸು. 15 ಲೀಟರ್ ಬಕೀಟಿಗೆ ಒಂದು ದೊಡ್ಡ ಚಮಚ ಒಗೆಯುವ ಸೋಡಾ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ನಂತರ ಸಾಬೂನು ಬಳಸಿದರೆ ಸಾಬೂನೂ ಉಳಿಯುತ್ತದೆ, ಹತ್ತಿಗೂ ಬಾಧೆಯಿಲ್ಲ. ಮಳೆಗಾಲದಲ್ಲಿ ಹಂಚಿನಿಂದ ಇಳಿಯುವ ನೀರು ಹಿಡಿದರೆ ಸೋಡಾದ ಗೊಡವೆಯೇ ಇಲ್ಲ.

ಇದೇ ಸೋಡಾ ರೇಷ್ಮೆಗೂ ಉಣ್ಣೆಗೂ ವೈರಿ. ಅವು ಪ್ರಾಣಿಯಿಂದ ಬಂದವು, ನಮ್ಮ ಕೂದಲಿನ ಜಾತಿ. ಸೋಡಾ ಅವನ್ನು ತಿನ್ನುತ್ತದೆ, ಬ್ಲೀಚಿಂಗ್ ನೀರು ಕರಗಿಸಿಯೇ ಬಿಡುತ್ತದೆ. ಬಟ್ಟೆ ಯಾವುದೆಂದು ತಿಳಿಯದಿದ್ದರೆ ಒಂದೆರಡು ಎಳೆ ಸುಟ್ಟು ನೋಡಿರಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಳಕಲ್ ಸೀರೆಯಲ್ಲಿ ಎಷ್ಟೋ ಸಲ ಎರಡು ಜಾತಿ ಕೂಡಿರುತ್ತವೆ. ಮೈ ಹತ್ತಿಯದು, ಸೆರಗು ರೇಷ್ಮೆಯದು. ಒಗೆಯುವಾಗ ನಾಜೂಕಿನ ಸೆರಗನ್ನೇ ಲೆಕ್ಕಕ್ಕೆ ಹಿಡಿಯಬೇಕು. ತಣ್ಣೀರು, ಅಂಟುವಾಳದ ನೊರೆ ಅಥವಾ ಸೌಮ್ಯ ಸಾಬೂನು, ನೆರಳಿನಲ್ಲಿ ಒಣಗಿಸುವುದು. ಸೆರಗಿನ ಕೆಂಪು ಮೊದಲೆರಡು ಒಗೆತಗಳಲ್ಲಿ ಬಿಡಬಹುದು, ಬೇರೆಯೇ ಅದ್ದಿರಿ, ನೆನೆಹಾಕಿ ಮರೆಯಬೇಡಿರಿ. ಉಪ್ಪು ಹಾಕಿದ ನೀರಿನಲ್ಲಿ ಬಣ್ಣ ಬಿಡುವುದು ಕಡಿಮೆಯಾದೀತು, ಕಚ್ಚಾ ಬಣ್ಣ ಪಕ್ಕಾ ಆಗಲಾರದು.

ಸಭೆಗೆ ಮುನ್ನ ಕುರಿ ಕಾಯುವ ಹಿರಿಯರೊಬ್ಬರು ಕಂಬಳಿಯ ಬಗ್ಗೆ ಕೇಳಿದರು. ಸೊಸೆ ಬಿಸಿ ನೀರಿನಲ್ಲಿ ಪುಡಿ ಹಾಕಿ ಒಗೆದಳಂತೆ. ಕಂಬಳಿ ಕುಗ್ಗಿ ಗಟ್ಟಿಯಾಯಿತು, ಮಳೆ ನೀರೂ ಮೊದಲಿನಂತೆ ಜಾರುವುದಿಲ್ಲವಂತೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರುಗಳಿವೆ. ಬಿಸಿ ನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿ ಬಿಗಿಯುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಕಂಬಳಿಗೆ ಹಚ್ಚಿದ್ದ ಹುಣಸೆ ಬೀಜದ ಸರಿಯೂ ತೊಳೆದು ಹೋಗಿರುತ್ತದೆ. ಕಂಬಳಿಯನ್ನು ಆದಷ್ಟು ಒಗೆಯಬಾರದು. ಕೋಲಿನಿಂದ ಬಡಿದು ಧೂಳು ತೆಗೆದು, ಬಿಸಿಲಿಗೆ ಹರವಿದರೆ ನುಸಿಯ ಹುಳುವೂ ಹೋಗುತ್ತದೆ. ಒಗೆಯಲೇಬೇಕಾದರೆ ತಣ್ಣೀರು, ಅಂಟುವಾಳ, ತಿಕ್ಕದೆ ಒತ್ತಿ ತೆಗೆಯುವುದು, ತೂಗುಹಾಕದೆ ಚಾಪೆಯ ಮೇಲೆ ಹರವಿ ಒಣಗಿಸುವುದು. ಅವರ ಕಂಬಳಿಯ ಕುಗ್ಗಿದ ಭಾಗಕ್ಕೆ ನನ್ನಲ್ಲಿ ಉಪಾಯವಿಲ್ಲ. ಸರಿಯನ್ನು ಮಾತ್ರ ಮತ್ತೆ ಹಚ್ಚಬಹುದು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಯಿಸಿ ಅರೆದು ಕುದಿಸಿದರೆ ಸರಿ ಸಿದ್ಧವಾಗುತ್ತದೆ. ಅದರ ಹದವನ್ನು ನನಗಿಂತ ಕಂಬಳಿ ನೇಯುವವರೇ ಚೆನ್ನಾಗಿ ಬಲ್ಲರು, ಅವರನ್ನೇ ಕೇಳಿರೆಂದು ಹಿರಿಯರಿಗೆ ಹೇಳಿದ್ದೇನೆ.